ಗುಲಾಬಿ ಗಿಡ ನೆಡುವವರಿಗೆ: ಮೊದಲು ಬಿಸಿಲು, ಆಮೇಲೆ ಕತ್ತರಿ

ನರ್ಸರಿಯಲ್ಲಿ ಮೈತುಂಬ ಹೂ ಬಿಟ್ಟಿದ್ದ ಗುಲಾಬಿ ಗಿಡ ಮನೆಗೆ ಬಂದ ಮೇಲೆ ಒಂದೆರಡು ಹೂ ಕೊಟ್ಟು, ಎಲೆ ಉದುರಿಸಿ, ಬರೀ ಕಡ್ಡಿಯಾಗಿ ನಿಲ್ಲುವುದು ಬಹಳಷ್ಟು ಮನೆಗಳ ಕಥೆ. "ನಮ್ಮ ಕೈಗೆ ರೋಜಾ ಹತ್ತೋದಿಲ್ಲ ಬಿಡಿ" ಎಂದು ಅಲ್ಲಿಗೆ ಕೈಚೆಲ್ಲುವವರೇ ಹೆಚ್ಚು. ಆದರೆ ಗುಲಾಬಿ ನಾವು ಅಂದುಕೊಂಡಷ್ಟು ನಾಜೂಕಿನದ್ದಲ್ಲ. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ಬಟಾಬಯಲಿನಲ್ಲಿ ಬೆಳೆದ ಗುಲಾಬಿಯೇ ಮೂಟೆಯಲ್ಲಿ ತುಂಬಿ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಗೆ ಬಂದು ಕೆ.ಜಿ. ಲೆಕ್ಕದಲ್ಲಿ ಮಾರಾಟವಾಗುತ್ತದೆ. ಆ ಹೊಲಗಳಲ್ಲಿ ಗಿಡಕ್ಕೆ ಸಿಗುವ, ನಮ್ಮ ಮನೆಗಳಲ್ಲಿ ಸಿಗದ ಸಂಗತಿ ಎರಡು: ದಿನವಿಡೀ ಬಿಸಿಲು, ಮತ್ತು ಹೂ ಕೊಯ್ಯುವ, ಕೊಂಬೆ ಸವರುವ ಕೈ.

ಇದರ ಹಿಂದಿನ ಕಾರಣ ಸರಳ. ನಾವು ಮನೆಯಲ್ಲಿ ಬೆಳೆಸುವ ಗುಲಾಬಿಗಳು ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಳೆಯ ಕೊಂಬೆ ಎಷ್ಟೇ ದಪ್ಪವಾಗಿರಲಿ, ಅದರಿಂದ ಚಿಗುರು ಹೊರಟರೆ ಮಾತ್ರ ಹೂ. ಹಾಗಾಗಿ ಗುಲಾಬಿ ಸಾಕುವುದೆಂದರೆ ಗಿಡವನ್ನು ಮತ್ತೆ ಮತ್ತೆ ಚಿಗುರಿಸುವುದು, ಅಷ್ಟೇ. ಚಿಗುರಿಗೆ ಬಲ ಬರುವುದು ಬಿಸಿಲಿನಿಂದ, ಅದನ್ನು ಹೊರಡಿಸುವುದು ಕತ್ತರಿ. ನೀರು, ಗೊಬ್ಬರ, ಔಷಧಿ ಎಲ್ಲ ಇವೆರಡರ ನಂತರದ ಮಾತು.

ಹಂತ 1: ಗಿಡ ಕೊಳ್ಳುವ ಮೊದಲು ಬಿಸಿಲು ಅಳೆಯಿರಿ

ಗಿಡ ತಂದಮೇಲೆ ಜಾಗ ಹುಡುಕುವ ಬದಲು ಜಾಗ ನೋಡಿಕೊಂಡು ಗಿಡ ತನ್ನಿ. ಒಂದು ರಜಾದಿನ ಬೆಳಿಗ್ಗೆ 8 ಗಂಟೆಯಿಂದ ಎರಡೆರಡು ಗಂಟೆಗೊಮ್ಮೆ ಅಂಗಳ, ಬಾಲ್ಕನಿ, ತಾರಸಿ ನೋಡಿ ಬಿಸಿಲು ಎಲ್ಲಿ ಬೀಳುತ್ತದೆ ಎಂದು ಗುರುತು ಮಾಡಿಕೊಳ್ಳಿ. ಗುಲಾಬಿಗೆ ದಿನಕ್ಕೆ ಕನಿಷ್ಠ 5ರಿಂದ 6 ಗಂಟೆ ನೇರ ಬಿಸಿಲು ಬೇಕು. "ಬೆಳಕು ಚೆನ್ನಾಗಿದೆ" ಎನ್ನುವ ಜಾಗ ಮನಿ ಪ್ಲಾಂಟಿಗೆ ಸಾಕು, ಗುಲಾಬಿಗೆ ಸಾಲದು. ಬೆಳಗಿನ ಬಿಸಿಲು ಬೀಳುವ ಪೂರ್ವ ದಿಕ್ಕು ಎಲ್ಲಕ್ಕಿಂತ ಒಳ್ಳೆಯದು. ರಾತ್ರಿಯ ಇಬ್ಬನಿ ಬೇಗ ಆರಿ ಎಲೆ ಒಣಗುತ್ತದೆ, ರೋಗ ತಗ್ಗುತ್ತದೆ.

ಸೂರ್ಯನ ದಾರಿ ವರ್ಷದುದ್ದಕ್ಕೂ ಒಂದೇ ಅಲ್ಲ ಎನ್ನುವುದನ್ನೂ ನೆನಪಿಡಿ. ಡಿಸೆಂಬರಿನಲ್ಲಿ ಬಿಸಿಲು ತೆಕ್ಕೆ ತುಂಬ ಸಿಗುವ ದಕ್ಷಿಣದ ಬಾಲ್ಕನಿಗೆ ಜೂನ್ ಹೊತ್ತಿಗೆ ನೆರಳು ಕವಿಯಬಹುದು. ಬಿಸಿಲೇ ಇಲ್ಲದ ಮನೆಯಾದರೆ ಗುಲಾಬಿಯ ಆಸೆ ಬಿಟ್ಟು ಬೇರೇನಾದರೂ ಬೆಳೆಸುವುದು ಜಾಣತನ.

ಹಂತ 2: ಯಾವ ಗುಲಾಬಿ?

ಹೊಸಬರು ಎಡವುವುದು ಇಲ್ಲೇ. ಅಂಗಡಿಯಲ್ಲಿ ಉದ್ದ ಕಡ್ಡಿಗೆ ಒಂದೊಂದೇ ಹೂವಿನಂತೆ ಮಾರುವ, ನಾವು "ಡಚ್ ರೋಸ್" ಎನ್ನುವ ಜಾತಿಗಳನ್ನು ಪಾಲಿಹೌಸಿನ ಹದಕ್ಕೆಂದೇ ಬೆಳೆಸಿದ್ದು. ಹೊಸೂರಿನ ಸುತ್ತಮುತ್ತ ಬೆಳೆದು ಹೊರದೇಶಕ್ಕೂ ಹೋಗುವ ತಾಜ್ ಮಹಲ್ ಆ ಪೈಕಿ ಹೆಸರಾದದ್ದು. ಮಳೆ, ಇಬ್ಬನಿ, ಧೂಳಿಗೆ ಒಡ್ಡಿದರೆ ಇವು ಬೇಗ ಸೊರಗುತ್ತವೆ. ಪರಿಮಳವೂ ಕಡಿಮೆ.

ಮೊದಲ ಗಿಡ ಎಂದರೆ ನಾನು ಸೂಚಿಸುವುದು ಬಟನ್ ರೋಸ್, ಮಿರಾಬೆಲ್, ಎಡ್ವರ್ಡ್ ರೋಸ್, ಪನ್ನೀರು ಗುಲಾಬಿ, ಇಂಥವು. ಹೂ ಚಿಕ್ಕದು, ಆದರೆ ಗೊಂಚಲು ಗೊಂಚಲಾಗಿ ಬರುತ್ತದೆ. ಅರಿಯದೆ ಮಾಡಿದ ಎಡವಟ್ಟುಗಳನ್ನೂ ಗಿಡ ತಡೆದುಕೊಳ್ಳುತ್ತದೆ. ಪನ್ನೀರು ಗುಲಾಬಿಯ ಪರಿಮಳಕ್ಕೆ ಸಾಟಿಯಿಲ್ಲ. ಎಸಳು ಬೇಗ ಉದುರುತ್ತವೆ ಎನ್ನುವುದೊಂದೇ ಕೊರತೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬಿಡಿ ಹೂವಿಗೆಂದೇ ಹೊರತಂದ ಅರ್ಕಾ ಸವಿ, ಅರ್ಕಾ ಪರಿಮಳದಂಥ ತಳಿಗಳೂ ಇವೆ. ಸಿಕ್ಕರೆ ಬಿಡಬೇಡಿ.

ಒಂದು ವರ್ಷ ಇವುಗಳ ಜೊತೆ ಪಳಗಿದ ಮೇಲೆ ಗೊಂಚಲು ಹೂವಿನ ಫ್ಲೋರಿಬಂಡಾಕ್ಕೆ, ಆಮೇಲೆ ದೊಡ್ಡ ಹೂವಿನ ಹೈಬ್ರಿಡ್ ಟೀಗೆ ಹೋಗಿ. ಗ್ಲಾಡಿಯೇಟರ್ ಆ ದೊಡ್ಡ ಹೂವಿನ ಪೈಕಿ ನಮ್ಮ ಕಡೆ ಬಹಳ ಕಾಲದಿಂದ ಬಾಳಿ ಬಂದ ಗಟ್ಟಿ ಜಾತಿ.

ಹಂತ 3: ನರ್ಸರಿಯಲ್ಲಿ ಹೂ ನೋಡಬೇಡಿ, ಬುಡ ನೋಡಿ

ಬೆಂಗಳೂರಿನವರಿಗೆ ಲಾಲ್‌ಬಾಗ್ ನರ್ಸರಿ, ಅದರ ಬಗಲಿನ ಸಿದ್ದಾಪುರದ ನರ್ಸರಿಗಳು ಗೊತ್ತೇ ಇವೆ. ಉಳಿದ ಜಿಲ್ಲೆಗಳಲ್ಲಿ ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಗಳಿವೆ. ಎಲ್ಲೇ ಹೋದರೂ ಹೂ ತುಂಬಿದ ಗಿಡಕ್ಕೆ ಕೈ ಹಾಕುವ ಮುಂಚೆ ಬುಡ ಬಗ್ಗಿ ನೋಡಿ.

ದೊಡ್ಡ ಹೂವಿನ ಗುಲಾಬಿಗಳೆಲ್ಲ ಸಾಮಾನ್ಯವಾಗಿ ಕಣ್ಣು ಕಸಿ ಮಾಡಿದವು. ಕೆಳಗಿನ ಬೇರಿನ ಭಾಗ ಒಂದು ಗಟ್ಟಿ ಕಾಡು ಜಾತಿಯದು, ಮೇಲಿನದು ನಮಗೆ ಬೇಕಾದ ಜಾತಿ. ಎರಡೂ ಕೂಡುವಲ್ಲಿ ಊದಿಕೊಂಡ ಗಂಟೊಂದು ಕಾಣುತ್ತದೆ. ಆ ಗಂಟು ಗಟ್ಟಿಯಾಗಿ ಹಸಿಯಾಗಿರಬೇಕು, ಬಿರುಕು ಬಿಟ್ಟಿರಬಾರದು, ಕಪ್ಪಾಗಿರಬಾರದು. ಗಂಟಿನ ಮೇಲಿಂದ ಪೆನ್ಸಿಲ್ ದಪ್ಪದ ಎರಡು ಮೂರು ಕೊಂಬೆ ಹೊರಟಿದ್ದರೆ ಒಳ್ಳೆಯ ಗಿಡ. ಕಸಿ ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಇನ್ನೂ ಸುತ್ತಿಕೊಂಡಿದ್ದರೆ ಮನೆಗೆ ತಂದ ದಿನವೇ ಬ್ಲೇಡಿನಿಂದ ಜೋಪಾನವಾಗಿ ಸೀಳಿ ತೆಗೆಯಿರಿ. ಬಿಟ್ಟರೆ ಅದು ಕಾಂಡದೊಳಗೆ ಹುದುಗಿ ಗಿಡದ ಕತ್ತು ಹಿಸುಕುತ್ತದೆ.

ಎಲೆಯ ಅಡಿಭಾಗ ತಿರುವಿ ನೋಡಿ. ಬೂದಿ ಚೆಲ್ಲಿದಂತೆ ಚುಕ್ಕೆ, ನವಿರಾದ ಬಲೆ, ಬಿಳಿ ಹಿಟ್ಟು ಕಂಡರೆ ಆ ಗಿಡ ಅಲ್ಲೇ ಇರಲಿ. ಹೂ ಅರಳಿದ್ದಕ್ಕಿಂತ ಮೊಗ್ಗು ಒಂದೆರಡೇ ಇದ್ದು ಕೆಂಪು ಚಿಗುರು ಹೊರಟಿರುವ ಗಿಡ ಹತ್ತುವುದು ಸಲೀಸು.

ಹಂತ 4: ನೆಡುವ ಕಾಲ

ಬೆಂಗಳೂರು, ತುಮಕೂರು, ಮೈಸೂರು, ಹಾಸನದ ಬಯಲು ಕಡೆ ಮುಂಗಾರು ಹಿಡಿದ ಜೂನ್-ಜುಲೈ, ಅಥವಾ ಮಳೆ ಹಿಂದೆ ಸರಿದ ಅಕ್ಟೋಬರ್-ನವೆಂಬರ್. ಮಲೆನಾಡು, ಕರಾವಳಿಯವರು ಮುಂಗಾರಿನಲ್ಲಿ ನೆಟ್ಟರೆ ಬೇರು ಕೊಳೆಯುವುದೇ ಹೆಚ್ಚು, ಮಳೆ ಬಿಟ್ಟಮೇಲೆ ನೆಡಿ. ಕಲಬುರಗಿ, ರಾಯಚೂರು, ವಿಜಯಪುರದ ಕಡೆ ಗಿಡ ಬೇಸಿಗೆಯೊಳಗೆ ಬೇರೂರಲು ಕಾಲಾವಕಾಶ ಬೇಕು, ಜುಲೈನಿಂದ ಸೆಪ್ಟೆಂಬರ್ ಒಳಗೆ ಮುಗಿಸಿ. ಮಾರ್ಚ್‌ನಿಂದ ಮೇವರೆಗೆ ಎಲ್ಲಿಯೂ ಬೇಡ.

ಹಂತ 5: ಮಣ್ಣು

ನೆಲದಲ್ಲಿ ನೆಡುವುದಾದರೆ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆಯಿರಿ. ಎರಡು ಗಿಡಗಳ ನಡುವೆ ಎರಡೂವರೆ ಅಡಿ ಇರಲಿ. ಗುಂಡಿ ತೆಗೆದ ಕೂಡಲೆ ಒಂದು ಪರೀಕ್ಷೆ ಮಾಡಿ: ಗುಂಡಿ ತುಂಬ ನೀರು ಹೊಯ್ದು ಬಿಡಿ. ಕೆಲವೇ ಗಂಟೆಗಳಲ್ಲಿ ಇಂಗಿದರೆ ಸರಿ. ಮಾರನೆಯ ದಿನವೂ ನಿಂತಿದ್ದರೆ ಅಲ್ಲಿ ಗುಲಾಬಿ ಬದುಕದು. ಎರೆಮಣ್ಣಿನ ಊರುಗಳಲ್ಲಿ ಇದೇ ತೊಂದರೆ. ಅಲ್ಲಿ ಗುಂಡಿಯ ಬದಲು ಇಟ್ಟಿಗೆ ಕಟ್ಟಿ ಒಂದಡಿ ಎತ್ತರದ ಮಡಿ ಮಾಡಿ, ಕೆಮ್ಮಣ್ಣು, ಮರಳು, ಗೊಬ್ಬರ ತುಂಬಿ ಅದರಲ್ಲಿ ನೆಡಿ. ಹೊಸ ಮನೆಗಳ ಅಂಗಳದಲ್ಲಿ ಇನ್ನೊಂದು ಪೀಡೆ. ಮೇಲೆ ನಾಲ್ಕು ಬೆರಳು ಚೆಂದದ ಮಣ್ಣು, ಕೆಳಗೆ ಪೂರ್ತಿ ಸಿಮೆಂಟು, ಜಲ್ಲಿ, ಇಟ್ಟಿಗೆ ಚೂರು. ಅಗೆದಾಗ ಅದು ಸಿಕ್ಕರೆ ಅಷ್ಟನ್ನೂ ಹೊರಹಾಕಿ ಹೊಸ ಮಣ್ಣು ತುಂಬಿ. ಸಿಮೆಂಟಿನ ಸುಣ್ಣ ಗುಲಾಬಿಗೆ ಆಗದು.

ತೆಗೆದ ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಬುಟ್ಟಿ, ಬೇವಿನ ಹಿಂಡಿ ಎರಡು ಹಿಡಿ, ಮೂಳೆ ಪುಡಿ ಒಂದು ಹಿಡಿ ಬೆರೆಸಿ ಗುಂಡಿಗೆ ವಾಪಸು ತುಂಬಿ. ನೀರು ಹಾಕಿ, ವಾರ ಹತ್ತು ದಿನ ಮಣ್ಣು ಕೂರಲು ಬಿಡಿ. ಕಳಿತ ಎನ್ನುವ ಮಾತಿಗೆ ಒತ್ತು ಕೊಡಬೇಕು. ಹಸಿ ಸಗಣಿ ಹಾಕಿದರೆ ಕಾವಿಗೆ ಬೇರು ಸುಡುತ್ತದೆ, ಜೊತೆಗೆ ಬೇರು ಕಡಿಯುವ ಗೊಣ್ಣೆ ಹುಳುಗಳೂ ಬರುತ್ತವೆ. ಕೈಯಲ್ಲಿ ಹಿಡಿದಾಗ ಸಗಣಿ ವಾಸನೆಯಿಲ್ಲದೆ ಚಹಾಪುಡಿಯಂತೆ ಉದುರಿದರೆ ಗೊಬ್ಬರ ಹದವಾಗಿದೆ.

ಕುಂಡದವರಿಗೆ: ಬಾಯಿಯೂ ಆಳವೂ 12 ಅಂಗುಲಕ್ಕಿಂತ ಕಡಿಮೆ ಬೇಡ, 14 ಆದರೆ ಇನ್ನೂ ಲೇಸು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಎರೆಗೊಬ್ಬರ ಅಥವಾ ಕೊಟ್ಟಿಗೆ ಗೊಬ್ಬರ, ಒಂದು ಪಾಲು ದಪ್ಪ ಮರಳು ಅಥವಾ ತೊಳೆದ ತೆಂಗಿನ ನಾರಿನ ಪುಡಿ, ಮೇಲೊಂದು ಹಿಡಿ ಬೇವಿನ ಹಿಂಡಿ. ಬರೀ ನಾರಿನ ಪುಡಿಯಲ್ಲಿ ಗುಲಾಬಿ ನಿಲ್ಲುವುದಿಲ್ಲ, ಗಾಳಿಗೆ ಬುಡ ಅಲ್ಲಾಡುತ್ತದೆ. ತಾರಸಿಯ ಮೇಲೆ ಕುಂಡವನ್ನು ನೇರ ಇಡದೆ ಎರಡು ಇಟ್ಟಿಗೆ ಕೊಟ್ಟು ಇಡಿ. ತಳದ ತೂತು ಕಟ್ಟುವುದಿಲ್ಲ, ಕಾದ ಕಾಂಕ್ರೀಟಿನ ಬಿಸಿ ಬೇರಿಗೆ ತಾಗುವುದಿಲ್ಲ.

ಹಂತ 6: ನೆಡುವ ಸಂಜೆ

ಬಿಸಿಲಿಳಿದ ಮೇಲೆ ನೆಡಿ. ಮೊದಲು ಕವರಿನ ಸಮೇತ ಗಿಡವನ್ನು ಬಕೆಟ್ ನೀರಿನಲ್ಲಿ ಕಾಲು ಗಂಟೆ ಇಡಿ. ನೀರಿನ ಗುಳ್ಳೆ ಬರುವುದು ನಿಂತರೆ ಮಣ್ಣು ಪೂರ್ತಿ ನೆಂದಿದೆ ಎಂದರ್ಥ. ಕವರನ್ನು ಎಳೆಯದೆ ಬ್ಲೇಡಿನಿಂದ ಸೀಳಿ ಬಿಡಿಸಿ.

ಈಗ ಸಿಗುವ ಬೇರಿನ ಉಂಡೆಯನ್ನು ಸ್ವಲ್ಪ ನೋಡಬೇಕು. ನಮ್ಮ ನರ್ಸರಿಗಳಿಗೆ ಬರುವ ಗಿಡಗಳಲ್ಲಿ ಅನೇಕವು ಆಂಧ್ರದ ರಾಜಮಂಡ್ರಿ ಬಳಿಯ ಕಡಿಯಂನಿಂದಲೋ ಪುಣೆಯ ಕಡೆಯಿಂದಲೋ ಲಾರಿಯಲ್ಲಿ ಬಂದವು. ದಾರಿಯಲ್ಲಿ ಒಣಗದಿರಲೆಂದು ಬೇರಿಗೆ ಅಂಟು ಜೇಡಿಮಣ್ಣು ಮೆತ್ತಿರುತ್ತಾರೆ. ಈ ಉಂಡೆಯನ್ನು ಹಾಗೆಯೇ ಇಳಿಸಿಬಿಟ್ಟರೆ ಅದು ಒಣಗಿ ಕಲ್ಲಾಗುತ್ತದೆ. ಸುತ್ತಲ ಮಣ್ಣು ನೆಂದರೂ ಉಂಡೆಯೊಳಗೆ ನೀರು ಹೋಗುವುದಿಲ್ಲ, ಬೇರು ಹೊರಗೆ ಬರುವುದಿಲ್ಲ. ಸತ್ತ ಗುಲಾಬಿಯನ್ನು ಕಿತ್ತು ನೋಡಿದರೆ ಎಷ್ಟೋ ಸಲ ಕೈಗೆ ಸಿಗುವುದು ಇದೇ ಒಣ ಉಂಡೆ. ಆದ್ದರಿಂದ ನೆನೆಸಿದ ಉಂಡೆಯ ಹೊರಮೈಯನ್ನು ಬೆರಳಿನಿಂದ ಮೆಲ್ಲಗೆ ಸಡಿಲಿಸಿ, ನೀರಿನಲ್ಲಿ ಅಲ್ಲಾಡಿಸಿ, ಅರ್ಧದಷ್ಟು ಜೇಡಿ ಬಿಡಿಸಿ. ಬಿಳಿ ಎಳೆ ಬೇರು ಕಂಡಲ್ಲಿ ನಿಲ್ಲಿಸಿ. ಪೂರ್ತಿ ತೊಳೆದು ಬೆತ್ತಲೆ ಮಾಡುವುದು ಬೇಡ. ಉಂಡೆ ಸಡಿಲ ಕೆಮ್ಮಣ್ಣಿನದಾಗಿದ್ದರೆ ಏನೂ ಮುಟ್ಟದೆ ಹಾಗೇ ಇಳಿಸಿ.

ಕಸಿ ಗಂಟು ಮಣ್ಣಿನ ಮಟ್ಟಕ್ಕಿಂತ ಎರಡು ಬೆರಳು ಮೇಲಿರಬೇಕು. ವಿದೇಶದ ಪುಸ್ತಕ, ವಿಡಿಯೊಗಳಲ್ಲಿ ಗಂಟನ್ನು ಮಣ್ಣಿನೊಳಗೆ ಹೂಳಿ ಎಂದು ಹೇಳುವುದುಂಟು. ಅದು ಹಿಮ ಬೀಳುವ ಊರಿನ ಮಾತು, ಗಂಟು ಚಳಿಗೆ ಸಾಯದಿರಲೆಂದು. ನಮ್ಮಲ್ಲಿ ಹೂತರೆ ಕೊಳೆಯುತ್ತದೆ. ಭಾರತದ ಹವೆಗೆ ತಕ್ಕ ಗುಲಾಬಿ ಕೃಷಿಯ ಬಗ್ಗೆ ಓದಬೇಕೆನಿಸಿದರೆ ಕೃಷಿ ವಿಜ್ಞಾನಿ ಬಿ.ಪಿ. ಪಾಲ್ ಬರೆದದ್ದನ್ನು ಹುಡುಕಿ. ಗೋಧಿ ತಳಿ ಅಭಿವೃದ್ಧಿಗೆ ಹೆಸರಾದ ಅವರು ಹೊಸ ಗುಲಾಬಿ ತಳಿಗಳನ್ನೂ ಸೃಷ್ಟಿಸಿದವರು. ಕೊಡೈಕೆನಾಲ್‌ನ ಎಂ.ಎಸ್. ವೀರರಾಘವನ್ ಬಿಸಿ ಹವೆ ತಾಳುವ ಗುಲಾಬಿಗಳಿಗಾಗಿಯೇ ದಶಕಗಟ್ಟಲೆ ದುಡಿದಿದ್ದಾರೆ.

ಗಿಡ ಇಳಿಸಿ, ಸುತ್ತ ಮಣ್ಣು ತುಂಬಿ, ಅಂಗೈಯಿಂದ ಒತ್ತಿ. ಪಾದದಿಂದ ತುಳಿಯಬೇಡಿ. ಸುತ್ತ ಪಾತಿ ಮಾಡಿ ನಿಧಾನವಾಗಿ ಒಂದು ಬಿಂದಿಗೆ ನೀರು ಬಿಡಿ. ಮೇಲೆ ಒಣ ತರಗೆಲೆ ಅಥವಾ ತೆಂಗಿನ ನಾರು ಹರಡಿ. ಬುಡಕ್ಕೆ ಮಾತ್ರ ಅದು ತಾಗದಿರಲಿ.

ಹಂತ 7: ಮೊದಲ ಎರಡು ತಿಂಗಳು

ಮೊದಲ ಐದಾರು ದಿನ ಮಧ್ಯಾಹ್ನದ ಬಿಸಿಲು ತಾಗದಂತೆ ನೆರಳು ಮಾಡಿ, ಆಮೇಲೆ ಪೂರ್ತಿ ಬಿಸಿಲಿಗೆ ಬಿಡಿ. ಹಳೆಯ ಎಲೆ ಹಳದಿಯಾಗಿ ಒಂದಷ್ಟು ಉದುರುತ್ತದೆ. ಗಾಬರಿಬಿದ್ದು ಗೊಬ್ಬರ ಸುರಿಯಬೇಡಿ. ಹೊಸ ಬೇರು ಬರುವವರೆಗೆ, ಅಂದರೆ ಸುಮಾರು ಒಂದು ತಿಂಗಳು, ನೀರು ಬಿಟ್ಟು ಬೇರೇನೂ ಬೇಡ.

ಮೊದಲು ಬರುವ ಮೊಗ್ಗುಗಳನ್ನು ಕಡಲೆಕಾಳಿನ ಗಾತ್ರದಲ್ಲಿರುವಾಗಲೇ ಚಿವುಟಿ ಹಾಕಿ. ಮನಸ್ಸು ಒಪ್ಪುವುದಿಲ್ಲ, ಗೊತ್ತು. ಆದರೆ ಹೂವಿಗೆ ಹೋಗಬೇಕಾದ ಶಕ್ತಿ ಬೇರಿಗೂ ಕೊಂಬೆಗೂ ಹೋದರೆ ಮುಂದೆ ಒಂದರ ಬದಲು ನಾಲ್ಕು ಹೂ. ಮನೆಯಲ್ಲಿ ಹಠ ಮಾಡುವ ಮಕ್ಕಳೋ ಅತ್ತೆಯವರೋ ಇದ್ದರೆ ಒಂದು ಹೂ ಬಿಟ್ಟುಕೊಟ್ಟು ರಾಜಿಯಾಗಿ.

ಹಂತ 8: ನೀರು

ದಿನಾ ಒಂದು ಚೊಂಬು ಎನ್ನುವ ಲೆಕ್ಕ ಬಿಡಿ. ಮಣ್ಣಿಗೆ ಬೆರಳು ತೂರಿಸಿ. ಎರಡು ಗೆಣ್ಣಿನಷ್ಟು ಆಳದಲ್ಲಿ ಒಣಗಿದ್ದರೆ ನೀರು ಹಾಕಿ, ತಂಪಿದ್ದರೆ ಬೇಡ. ಹಾಕುವಾಗ ಕುಂಡದ ತಳದ ತೂತಿನಿಂದ ಹೊರಬರುವಷ್ಟು ಹಾಕಿ. ನೆಲದ ಗಿಡಕ್ಕೆ ಚಳಿಗಾಲದಲ್ಲಿ ವಾರಕ್ಕೆ ಎರಡು ಸಲ ಸಾಕಾಗಬಹುದು, ಏಪ್ರಿಲ್‌ನಲ್ಲಿ ಕುಂಡದ ಗಿಡ ದಿನಾ ಕೇಳುತ್ತದೆ. ಬೆಳಿಗ್ಗೆ, ಬುಡಕ್ಕೆ. ಸಂಜೆ ಎಲೆ ನೆನೆಸಿದರೆ ರಾತ್ರಿಯಿಡೀ ಒದ್ದೆಯಾಗಿದ್ದು ಕಪ್ಪು ಚುಕ್ಕೆ ರೋಗವನ್ನು ಕೈಬೀಸಿ ಕರೆದಂತೆ.

ಬೋರ್‌ವೆಲ್ ನೀರು ಗಡಸಾಗಿರುವ ಕಡೆ ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟುವುದನ್ನು ಕಾಣುತ್ತೀರಿ. ಆಮೇಲೆ ಎಳೆ ಎಲೆಯ ನರ ಹಸಿರಾಗಿಯೇ ಇದ್ದು ನಡುವಿನ ಭಾಗ ಹಳದಿಗೆ ತಿರುಗುತ್ತದೆ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಗಿಡಕ್ಕೆ ಸಿಗದಾಗ ಹೀಗಾಗುತ್ತದೆ. ಮಳೆ ನೀರು ಹಿಡಿದಿಟ್ಟು ಹಾಕುವುದು, ಗೊಬ್ಬರದ ಪಾಲು ಹೆಚ್ಚಿಸುವುದು ಮೊದಲ ಮದ್ದು. ಅದಕ್ಕೂ ಬಗ್ಗದಿದ್ದರೆ ಕೃಷಿ ಔಷಧಿ ಅಂಗಡಿಯಲ್ಲಿ ಸಿಗುವ ಲಘು ಪೋಷಕಾಂಶಗಳ ಮಿಶ್ರಣವನ್ನು ಪೊಟ್ಟಣದ ಮೇಲೆ ಹೇಳಿದ ಪ್ರಮಾಣದಲ್ಲಿ ಎಲೆಗೆ ಸಿಂಪಡಿಸಿ.

ಹಂತ 9: ಗೊಬ್ಬರ

ಗುಲಾಬಿ ಹೊಟ್ಟೆಬಾಕ, ಆದರೆ ಒಂದೇ ಸಲ ಉಣ್ಣುವುದಿಲ್ಲ. ಮೂರು ವಾರಕ್ಕೊಮ್ಮೆ ಎರಡು ಹಿಡಿ ಎರೆಗೊಬ್ಬರ, ಎರಡು ತಿಂಗಳಿಗೊಮ್ಮೆ ಒಂದು ಹಿಡಿ ಬೇವಿನ ಅಥವಾ ಹೊಂಗೆ ಹಿಂಡಿ, ಇಷ್ಟು ಸಾಕು. ಮೇಲ್ಮಣ್ಣನ್ನು ಒಂದಂಗುಲದಷ್ಟೇ ಕೆದಕಿ ಬೆರೆಸಿ. ಗೊಬ್ಬರಕ್ಕೆ ಮುಂಚೆಯೂ ನೀರು, ಆಮೇಲೂ ನೀರು.

ಮೊಗ್ಗು ಹೊರಡುವ ಹೊತ್ತಿಗೆ ಕಡಲೆಕಾಯಿ ಹಿಂಡಿಯ ನೀರು ಕೊಟ್ಟರೆ ಗಿಡ ಕಳೆಗಟ್ಟುತ್ತದೆ. ನೂರು ಗ್ರಾಂ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಮೂರು ದಿನ ಮುಚ್ಚಿಟ್ಟು, ಸೋಸಿ, ಹತ್ತು ಪಟ್ಟು ನೀರು ಬೆರೆಸಿ ಗಿಡಕ್ಕೆ ಒಂದು ಲೀಟರಿನಂತೆ ಹಾಕಿ. ವಾಸನೆ ಘಾಟು. ನೆಂಟರು ಬರುವ ದಿನ ಬೇಡ. ಮೊಟ್ಟೆ ಚಿಪ್ಪು, ಈರುಳ್ಳಿ ಸಿಪ್ಪೆ, ಚಹಾ ಚರಟ, ಬಾಳೆಹಣ್ಣಿನ ಸಿಪ್ಪೆ ನೇರ ಬುಡಕ್ಕೆ ಹಾಕುವ ರೂಢಿ ನನಗೆ ಹಿಡಿಸದು. ಚಿಪ್ಪು ಕರಗಲು ವರ್ಷಗಳೇ ಬೇಕು, ಸಕ್ಕರೆ ಉಳಿದ ಚರಟಕ್ಕೆ ಇರುವೆ ಮುತ್ತುತ್ತದೆ. ಇವೆಲ್ಲ ಕಾಂಪೋಸ್ಟ್ ಡಬ್ಬಿಗೆ ಹೋಗಿ ಗೊಬ್ಬರವಾಗಿ ಬರಲಿ.

ಹಂತ 10: ಹೂ ಕೊಯ್ಯುವುದೂ ಒಂದು ಸವರುವಿಕೆ

ನಮ್ಮ ಮನೆಗಳಲ್ಲಿ ಗುಲಾಬಿ ಗಿಡ ಹಾಳಾಗುವುದು ದೇವರ ಪೂಜೆಗೆ ಹೂ ಕೀಳುವ ರೀತಿಯಿಂದ ಎಂದರೆ ಅತಿಶಯೋಕ್ತಿಯೆನಿಸಬಹುದು. ಹೂವಿನ ತಲೆಯನ್ನಷ್ಟೇ ಚಟ್ಟನೆ ಮುರಿದು, ತೊಟ್ಟನ್ನು ಗಿಡದಲ್ಲೇ ಬಿಡುತ್ತೇವೆ. ಆ ತೊಟ್ಟು ಒಣಗಿ ಕಪ್ಪಾಗುತ್ತದೆ, ಅದರ ಕೆಳಗಿನ ಸಣಕಲು ಕಣ್ಣಿನಿಂದ ಕಡ್ಡಿಯಂಥ ಸಣ್ಣ ಚಿಗುರು ಬರುತ್ತದೆ, ಅದರ ತುದಿಗೆ ಇನ್ನೂ ಸಣ್ಣ ಹೂ. ನಾಲ್ಕು ಸುತ್ತು ಹೀಗಾದರೆ ಗಿಡ ಉದ್ದುದ್ದ ಬೆಳೆದು ಬೋಳಾಗುತ್ತದೆ.

ಸರಿಯಾದ ಕ್ರಮ ಹೀಗೆ. ಹೂವಿನಿಂದ ಕೆಳಕ್ಕೆ ಎಲೆಗಳನ್ನು ನೋಡುತ್ತಾ ಬನ್ನಿ. ಹೂವಿನ ಹತ್ತಿರದ ಎಲೆಗಳಲ್ಲಿ ಮೂರು ಮೂರು ಕಿರುಎಲೆಗಳಿರುತ್ತವೆ. ಇನ್ನೂ ಕೆಳಗಿಳಿದರೆ ಐದು ಕಿರುಎಲೆಗಳ ಎಲೆ ಸಿಗುತ್ತದೆ. ಅಂಥ ಎಲೆ ಗಿಡದ ಹೊರಮುಖವಾಗಿ ಇರುವ ಕಡೆ, ಅದರ ಬುಡದ ಕಣ್ಣಿಗೆ ಕಾಲಂಗುಲ ಮೇಲೆ ಕತ್ತರಿಸಿ. ಆ ಕಣ್ಣು ದಪ್ಪವಾಗಿರುತ್ತದೆ, ಅದರಿಂದ ಬರುವ ಚಿಗುರೂ ಗಟ್ಟಿ. ಪೂಜೆಗೆ ಬೇಕಾದ ಹೂವನ್ನು ಆಮೇಲೆ ಒಳಗೆ ಹೋಗಿ ತೊಟ್ಟಿನಿಂದ ಬಿಡಿಸಿಕೊಂಡರಾಯಿತು. ಬಾಡಿದ ಹೂಗಳನ್ನೂ ಹೀಗೆಯೇ ಕತ್ತರಿಸಿ. ಗಿಡದಲ್ಲೇ ಬಿಟ್ಟರೆ ಕೆಲವು ಜಾತಿಗಳು ಕಾಯಿ ಕಟ್ಟಿ ಹೂ ನಿಲ್ಲಿಸುತ್ತವೆ.

ಕಾಂಪೌಂಡಿನಾಚೆ ಬಾಗಿದ ಕೊಂಬೆಗಳಿಗೆ ಈ ಪಾಠ ಹೇಳಿ ಪ್ರಯೋಜನವಿಲ್ಲ. ಬೆಳಗಿನ ವಾಕಿಂಗಿಗೆ ಕೈಯಲ್ಲಿ ಕವರ್ ಹಿಡಿದು ಬರುವ ಹಿರಿಯರು ಕತ್ತರಿ ತರುವುದಿಲ್ಲ. ಗಿಡವನ್ನೇ ಒಳಗೆ ನೆಡಿ.

ಹಂತ 11: ವರ್ಷದ ಸವರುವಿಕೆ

ಚಳಿ ದೇಶಗಳಲ್ಲಿ ಗುಲಾಬಿ ಎಲೆ ಉದುರಿಸಿ ಮಲಗುತ್ತದೆ, ವಸಂತದಲ್ಲಿ ಎದ್ದು ಚಿಗುರುತ್ತದೆ. ನಮ್ಮಲ್ಲಿ ಆ ನಿದ್ದೆಯಿಲ್ಲ. ಬಿಟ್ಟರೆ ವರ್ಷವಿಡೀ ಸುಮ್ಮನೆ ಬೆಳೆಯುತ್ತಲೇ ಇದ್ದು ದಣಿಯುತ್ತದೆ. ಚಳಿ ಮಾಡಬೇಕಾದ ಕೆಲಸವನ್ನು ಇಲ್ಲಿ ಕತ್ತರಿ ಮಾಡಬೇಕು. ಬಯಲುಸೀಮೆಯಲ್ಲಿ ಮುಖ್ಯ ಸವರುವಿಕೆ ಮಳೆ ಮುಗಿದ ಅಕ್ಟೋಬರ್-ನವೆಂಬರಿನಲ್ಲಿ. ಬೆಂಗಳೂರಿನಂಥ ತಂಪು ಊರಿನಲ್ಲಿ ಜೂನ್‌ನಲ್ಲಿ ಇನ್ನೊಂದು ಸಲ ಹಗುರವಾಗಿ ಮಾಡಬಹುದು.

ಸವರಿದ ಮೇಲೆ ಹೂ ಬರಲು ಸುಮಾರು 45ರಿಂದ 50 ದಿನ. ಹಬ್ಬಕ್ಕೆ ಹೂ ಬೇಕಾದವರಿಗೆ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಸಂಕ್ರಾಂತಿಗೆ ಬೇಕೆಂದರೆ ನವೆಂಬರ್ ಕೊನೆಯ ವಾರ ಸವರಿ. ಮಾರುಕಟ್ಟೆಯಲ್ಲಿ ಹೂವಿನ ದರ ಮುಗಿಲು ಮುಟ್ಟುವ ವರಮಹಾಲಕ್ಷ್ಮಿ ಹಬ್ಬಕ್ಕೆ, ಆ ವರ್ಷದ ಪಂಚಾಂಗ ನೋಡಿ ಏಳು ವಾರ ಹಿಂದಕ್ಕೆ ಎಣಿಸಿ.

ಹರಿತವಾದ ಗಿಡದ ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿಕೊಳ್ಳಿ. ಮೊದಲು ಒಣಗಿದ್ದು, ರೋಗ ಬಂದದ್ದು. ಆಮೇಲೆ ಪೆನ್ಸಿಲ್‌ಗಿಂತ ಸಣ್ಣ ಕಡ್ಡಿಗಳು (ಬಟನ್ ರೋಸ್‌ಗೆ ಈ ನಿಯಮ ಬೇಡ). ಆಮೇಲೆ ಒಂದನ್ನೊಂದು ಉಜ್ಜುವ, ಗಿಡದ ಒಳಮುಖವಾಗಿ ಬೆಳೆದ ಕೊಂಬೆಗಳು. ಉಳಿದ ನಾಲ್ಕೈದು ಗಟ್ಟಿ ಕೊಂಬೆಗಳನ್ನು ಅರ್ಧಕ್ಕೆ, ಅಂದರೆ ಒಂದೂವರೆಯಿಂದ ಎರಡಡಿ ಎತ್ತರಕ್ಕೆ ಇಳಿಸಿ. ಪ್ರತಿ ಕಡಿತವೂ ಹೊರಮುಖದ ಕಣ್ಣಿನ ಕಾಲಂಗುಲ ಮೇಲೆ, ಕಣ್ಣಿನಿಂದ ನೀರು ಆಚೆ ಜಾರುವಂತೆ ಓರೆಯಾಗಿ.

ಕತ್ತರಿಸಿದ ತಕ್ಷಣ ಕಡ್ಡಿಯ ನಡುವಿನ ತಿರುಳನ್ನು ನೋಡಿ. ಬೆಳ್ಳಗೆ ಅಥವಾ ತಿಳಿ ಹಸಿರಾಗಿದ್ದರೆ ಕೊಂಬೆ ಜೀವಂತ. ನಡುವೆ ಕಂದು ಚುಕ್ಕೆ ಕಂಡರೆ ಇನ್ನೊಂದು ಗೆಣ್ಣು ಕೆಳಗೆ ಕತ್ತರಿಸಿ ಮತ್ತೆ ನೋಡಿ. ಇನ್ನೂ ಕಂದೇ ಇದ್ದರೆ ಇನ್ನೂ ಕೆಳಗೆ. ಬಿಳಿ ತಿರುಳು ಸಿಗುವವರೆಗೆ ನಿಲ್ಲಿಸಬಾರದು, ಗಂಟಿನ ತನಕ ಹೋಗಬೇಕಾಗಿ ಬಂದರೂ. ಅರ್ಧಕ್ಕೆ ಬಿಟ್ಟ ಕಂದು ತಿರುಳೇ ತುದಿಯಿಂದ ಕೆಳಕ್ಕೆ ಒಣಗುತ್ತಾ ಬರುವ ರೋಗವಾಗಿ ಇಡೀ ಗಿಡವನ್ನು ನುಂಗುತ್ತದೆ. ಕಡಿದ ಬಾಯಿಗೆ ಶಿಲೀಂಧ್ರ ತಡೆಯುವ ಬೋರ್ಡೋ ಪೇಸ್ಟ್ ಬಳಿಯಿರಿ. ಆಮೇಲೆ ವರ್ಷದ ದೊಡ್ಡ ಊಟ: ನೆಲದ ಗಿಡಕ್ಕೆ ಎರಡು ಮೂರು ಕೆ.ಜಿ. ಕೊಟ್ಟಿಗೆ ಗೊಬ್ಬರ, ನೂರು ಗ್ರಾಂ ಬೇವಿನ ಹಿಂಡಿ. ಕುಂಡದ ಗಿಡವಾದರೆ ಮೇಲಿನ ಮೂರಂಗುಲ ಮಣ್ಣು ತೆಗೆದು ಹೊಸದು ತುಂಬಿ; ಎರಡು ವರ್ಷಕ್ಕೊಮ್ಮೆ ಪೂರ್ತಿ ಮಣ್ಣು ಬದಲಿಸಿ.

ಇನ್ನೊಂದು ಕಣ್ಣಿಡಬೇಕಾದದ್ದು ಕಸಿ ಗಂಟಿನ ಕೆಳಗಿಂದ ಹೊರಡುವ ಕಳ್ಳ ಚಿಗುರು. ತಿಳಿ ಹಸಿರು ಬಣ್ಣ, ಭರಭರನೆ ನೆಟ್ಟಗೆ ಬೆಳೆಯುವ ಚುರುಕು, ಉಳಿದ ಗಿಡಕ್ಕೆ ಹೋಲದ ಎಲೆ, ಮುಳ್ಳು. ಹೊಸಬರು ಗಿಡ ಚೆನ್ನಾಗಿ ಹತ್ತಿತು ಎಂದು ಹಿಗ್ಗುವುದು ಇದನ್ನು ನೋಡಿಯೇ. ಅದು ಕೆಳಗಿನ ಕಾಡು ಜಾತಿ. ಬಿಟ್ಟರೆ ಮೇಲಿನದ್ದನ್ನು ಸಾಯಿಸಿ ತಾನೇ ಗಿಡವಾಗುತ್ತದೆ. "ಮೊದಲು ಕೆಂಪು ದೊಡ್ಡ ಹೂ ಬಿಡ್ತಿತ್ತು, ಈಗ ಬಣ್ಣವೇ ಬದಲಾಗಿದೆ" ಎನ್ನುವ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಇದೇ. ಬುಡದ ಮಣ್ಣು ಸರಿಸಿ, ಅದು ಹೊರಟ ಜಾಗದಿಂದಲೇ ಕೆಳಕ್ಕೆ ಜಗ್ಗಿ ಕೀಳಿ. ಕತ್ತರಿಸಿದರೆ ಮತ್ತೆ ಎರಡಾಗಿ ಬರುತ್ತದೆ.

ಹಂತ 12: ಹುಳ, ರೋಗ

ಕಾಲಕ್ಕೆ ತಕ್ಕಂತೆ ಕಾಯಿಲೆ. ಮಳೆಗಾಲದಲ್ಲಿ ಕಪ್ಪು ಚುಕ್ಕೆ: ಎಲೆಯ ಮೇಲೆ ಅಂಚು ಒಡೆದ ಕರಿ ಮಚ್ಚೆ, ಸುತ್ತ ಹಳದಿ. ಉದುರಿದ ಎಲೆಗಳನ್ನು ಆರಿಸಿ ಸುಡಿ, ಕಾಂಪೋಸ್ಟಿಗೆ ಹಾಕಬೇಡಿ. ನವೆಂಬರಿನಿಂದ ಫೆಬ್ರವರಿ ತನಕ, ರಾತ್ರಿ ಚಳಿ ಹಗಲು ಒಣ ಬಿಸಿಲು ಇರುವಾಗ ಬೂದಿ ರೋಗ: ಎಳೆ ಚಿಗುರಿನ ಮೇಲೆ ವಿಭೂತಿ ಬಳಿದಂತೆ. ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ ಬೆರೆಸಿ ತಂಪು ಹೊತ್ತಿನಲ್ಲಿ ಸಿಂಪಡಿಸಿ. ಬೇಸಿಗೆಯಲ್ಲಿ ಕೆಂಪು ನುಸಿ: ಎಲೆ ಮಾಸಲಾಗಿ ಅಡಿಯಲ್ಲಿ ನವಿರು ಬಲೆ. ಇದಕ್ಕೆ ಪೈಪಿನ ನೀರನ್ನು ಎಲೆಯ ಅಡಿಗೆ ರಭಸದಿಂದ ಬೆಳಗಿನ ಹೊತ್ತು ಹಾಯಿಸುವುದೇ ಒಳ್ಳೆಯ ಮದ್ದು.

ಮೊಗ್ಗು ಅರಳದೆ ಎಸಳಿನ ಅಂಚು ಕಂದಾದರೆ ಥ್ರಿಪ್ಸ್. ಬಿಳಿ ಕಾಗದದ ಮೇಲೆ ಹೂವನ್ನು ಕೊಡವಿದರೆ ಗೀಟಿನಷ್ಟು ಸಣ್ಣ ಹುಳಗಳು ಓಡುವುದು ಕಾಣುತ್ತದೆ. ಅಂಥ ಮೊಗ್ಗುಗಳನ್ನು ಕಿತ್ತು ನಾಶ ಮಾಡಿ, ಬೇವಿನ ಎಣ್ಣೆ 5 ಮಿಲಿ, ಸ್ವಲ್ಪ ಸೋಪಿನ ದ್ರಾವಣ ಒಂದು ಲೀಟರ್ ನೀರಿಗೆ ಬೆರೆಸಿ ವಾರಕ್ಕೊಮ್ಮೆ ಸಂಜೆ ಸಿಂಪಡಿಸಿ. ಚಿಗುರಿಗೆ ಮುತ್ತುವ ಹೇನಿಗೂ ಇದೇ. ಗಂಧಕ ಹೊಡೆದ ಎರಡು ವಾರದೊಳಗೆ ಬೇವಿನ ಎಣ್ಣೆ ಬೇಡ, ಎಲೆ ಸುಡುತ್ತದೆ.

ಮುಂಗಾರಿನ ಮೊದಲ ಮಳೆ ಬಿದ್ದ ರಾತ್ರಿಗಳಲ್ಲಿ ಎಲೆಗಳು ಚಿಂದಿಯಾಗಿದ್ದರೆ ಅದು ದುಂಬಿ ಜಾತಿಯ ಕೀಟ. ಊಟವಾದ ಮೇಲೆ ಟಾರ್ಚ್ ಹಿಡಿದು ಹೋಗಿ ಕೈಯಿಂದಲೇ ಆರಿಸಿ ಸೋಪು ನೀರಿಗೆ ಹಾಕಿ. ಆದರೆ ಎಲೆಯ ಅಂಚಿನಲ್ಲಿ ಬಳೆಯಿಂದ ಅಚ್ಚೊತ್ತಿ ತೆಗೆದಂತೆ ಅಚ್ಚುಕಟ್ಟಾದ ಅರ್ಧಚಂದ್ರ ಕಂಡರೆ ಔಷಧಿ ಎತ್ತಬೇಡಿ. ಅದು ಎಲೆ ಕತ್ತರಿಸಿ ಗೂಡಿಗೆ ಒಯ್ಯುವ ಒಂಟಿ ಜೇನಿನ ಕೆಲಸ. ಗಿಡಕ್ಕೆ ಅದರಿಂದ ನಷ್ಟವಿಲ್ಲ, ನಿಮ್ಮ ಅವರೆಗೆ ಪರಾಗಸ್ಪರ್ಶದ ಲಾಭವೇ.

ಹಂತ 13: ಕಡ್ಡಿ ಕೇಳಿದವರಿಗೆ

ಗಿಡ ಹೂ ಬಿಡತೊಡಗಿದರೆ ಬೀದಿಯವರೆಲ್ಲ ಕಡ್ಡಿ ಕೇಳುತ್ತಾರೆ. ಪನ್ನೀರು, ಬಟನ್, ಎಡ್ವರ್ಡ್ ಆದರೆ ಧಾರಾಳವಾಗಿ ಕೊಡಿ. ಸವರುವಾಗ ಸಿಗುವ ಪೆನ್ಸಿಲ್ ದಪ್ಪದ, ಆರೇಳು ಅಂಗುಲದ, ಮೂರು ನಾಲ್ಕು ಗೆಣ್ಣಿರುವ ಕಡ್ಡಿಯನ್ನು ತೇವದ ಮರಳು ಮಣ್ಣಿಗೆ ಎರಡು ಗೆಣ್ಣು ಹೂತು ನೆರಳಿನಲ್ಲಿಟ್ಟರೆ ಒಂದೂವರೆ ಎರಡು ತಿಂಗಳಲ್ಲಿ ಬೇರು ಬರುತ್ತದೆ. ಮೊದಲು ಬರುವ ಚಿಗುರನ್ನು ನಂಬಬೇಡಿ, ಕಡ್ಡಿಯೊಳಗಿನ ಶಕ್ತಿಯಿಂದಲೂ ಅದು ಚಿಗುರಬಲ್ಲದು. ಮೆಲ್ಲಗೆ ಜಗ್ಗಿದಾಗ ಹಿಡಿದುಕೊಂಡಂತಾದರೆ ಬೇರು ಬಂದಿದೆ. ದೊಡ್ಡ ಹೂವಿನ ಹೈಬ್ರಿಡ್ ಟೀ ಕಡ್ಡಿ ಚಿಗುರಿದರೂ ತನ್ನ ಸ್ವಂತ ಬೇರಿನ ಮೇಲೆ ಸಾಮಾನ್ಯವಾಗಿ ಬಡಕಲಾಗಿಯೇ ಉಳಿಯುತ್ತದೆ. ಅದನ್ನು ಕೇಳಿದವರಿಗೆ ಒಂದು ಹೂ ಕೊಟ್ಟು ನರ್ಸರಿಯ ದಾರಿ ಹೇಳಿ.